ತೊಳೆದಿಟ್ಟ ತಾಟು
ಸಿಂಧನೂರಿಗೆ ಹೋದರೆ ಎಲ್ಲಿ ಉಣ್ಣಬೇಕೆಂದು ಕೇಳಿದ್ದಿರಿ, ಮಕ್ಕಳೇ. ನಾಟಕದವರು, ಹಾಡುವವರು, ಬೋರ್ಡು ಬರೆಯುವವರು ಬಾಡಿಗೆಗಿರುವ ಓಣಿಯಲ್ಲಿ ಒಂದು ಖಾನಾವಳಿಯಿದೆ. ಅಲ್ಲಿಗೇ ಹೋಗಿ.

ನಿಮ್ಮ ತಾತ ತೀರಿಕೊಂಡ ಮೇಲೆ ತಾಲೂಕು ಕಚೇರಿಯ ಕೆಲಸಕ್ಕೆಂದು ಗೊರೇಬಾಳದಿಂದ ಒಬ್ಬಳೇ ಹೋಗಿದ್ದೆ. ಅಲ್ಲಿಯವರೆಗೆ ಹೋಟೆಲಿನಲ್ಲಿ ಒಬ್ಬಳೇ ಕೂತು ಉಂಡವಳಲ್ಲ. ಹಸಿವು ತಾಳದೆ ಆ ಖಾನಾವಳಿಯ ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಂದವು. ಉಂಡೆದ್ದು, ಮನೆಯ ರೂಢಿಯಂತೆ ತಾಟನ್ನು ನಲ್ಲಿಗೆ ಒಯ್ದು ತೊಳೆದು ಬೋರಲು ಹಾಕಿದೆ.

ಖಾನಾವಳಿಯ ಒಡತಿ ಒಲೆಯ ಮುಂದಿನಿಂದಲೇ ನೋಡಿದಳು. "ಯಕ್ಕಾ, ಹೋಟೆಲ್ನಾಗ ಯಾರರ ತಾಟು ತೊಳೀತಾರೇನು?"

ಹಾರ್ಮೋನಿಯಂ ನುಡಿಸುವ ಮುದುಕನೊಬ್ಬ, "ತೊಳೀಲಿ ಬಿಡಬೇ, ನಿನಗಿಂತ ಚಲೋ ತೊಳದಾರ," ಎಂದ. ಎಲ್ಲರೂ ನಕ್ಕರು. ಇನ್ನು ಈ ಕಡೆ ತಲೆ ಹಾಕಬಾರದೆಂದುಕೊಂಡು ಸೆರಗು ಹೊದ್ದು ಹೊರಬಿದ್ದೆ.

ಮರುತಿಂಗಳು ಮತ್ತೆ ಕಚೇರಿಗೆ ಹೋಗಬೇಕಾಯಿತು. ಬೇರೆ ಎರಡು ಹೋಟೆಲುಗಳ ಬಾಗಿಲ ತನಕ ಹೋದೆ, ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ. ಕೊನೆಗೆ ಅದೇ ಓಣಿಗೆ ತಿರುಗಿದೆ. ನಲ್ಲಿಯ ಕಟ್ಟೆಯ ಮೇಲೆ ಏಳೆಂಟು ತಾಟುಗಳು ಬೋರಲು ಬಿದ್ದಿದ್ದವು. ಆ ಮುದುಕ ತನ್ನ ತಾಟು ತಿಕ್ಕುತ್ತಿದ್ದ.

"ನೋಡು ಯಕ್ಕಾ, ನೀ ಹಚ್ಚಿ ಹೋದ ಚಾಳಿ," ಎಂದಳು ಒಡತಿ. "ಇವತ್ತು ಗ್ವಾಡಿ ಕಡಿ ಮುಖ ಮಾಡಬ್ಯಾಡ, ಈ ಕಡಿ ಕುಂದರು."

ಅಂದು ಎಲ್ಲರ ನಡುವೆ ಕೂತು ಮೂರು ರೊಟ್ಟಿ ಉಂಡೆ. ನೀವು ಹೋದಾಗ ಉಂಡ ತಾಟು ತೊಳೆದಿಡಿ. ಯಾರೂ ಹೇಳದೆಯೇ ತೊಳೆದಿಟ್ಟ ಹೊಸಬರು ಯಾರ ಮೊಮ್ಮಕ್ಕಳೆಂದು ಒಡತಿಗೆ ಗೊತ್ತಾಗುತ್ತದೆ.