ಪರದೆಗೆ ಅಂಟಿಸಿದ ಟಿಶ್ಯೂ ಚೂರು

ಒಂದು ಟಿಶ್ಯೂ ಪೇಪರಿನ ಚೂರಿನ ಮೇಲೆ ಹೊಟ್ಟೆಕಿಚ್ಚು ಪಟ್ಟವನು ನಾನು.

ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನ ಪಕ್ಕದ ಕೋಣೆಯಲ್ಲಿ ಗೋಡೆ ಒಡೆಸುತ್ತಿದ್ದೆ. ಧೂಳು ಆಚೆ ಹೋದರೆ ರೋಗಿಗಳಿಗೆ ಶ್ವಾಸಕೋಶದ ಸೋಂಕು ತಗಲುತ್ತದೆ. ಅದಕ್ಕೇ ಬಾಗಿಲಿಗೆ ಪ್ಲಾಸ್ಟಿಕ್ ಪರದೆ ಕಟ್ಟಿ, ಒಳಗಿನ ಗಾಳಿಯನ್ನು ಫ್ಯಾನಿನಿಂದ ಕಿಟಕಿಯಾಚೆ ಎಳೆಸುತ್ತಿದ್ದೆವು. ಗಾಳಿಯ ಒತ್ತಡ ನೋಡಲು ನನ್ನ ಹತ್ತಿರ ಒಳ್ಳೆಯ ಮೀಟರಿತ್ತು. ಮಂಡಿ ಮೊಹಲ್ಲಾದ ಬಡಗಿ ಮಾದಪ್ಪ ಪರದೆಯ ಸಂದಿಗೆ ಒಂದು ಟಿಶ್ಯೂ ಚೂರು ಅಂಟಿಸಿದ್ದ, ಅಷ್ಟೇ. ಗಾಳಿ ಎತ್ತ ಹರಿದರೆ ಅದು ಅತ್ತ ವಾಲುತ್ತಿತ್ತು.

ವಾರ್ಡಿನ ಸಿಸ್ಟರ್ ದಿನಾ ಬಂದು ಆ ಚೂರನ್ನೇ ನೋಡೋರು. "ಒಳಗಡೆಗೇ ವಾಲಿದೆ, ಸರಿಯಾಗಿದೆ ಮಾದಪ್ಪೋರೆ" ಅಂತ ನಗೋರು. ನನ್ನ ಮೀಟರನ್ನು ಒಂದು ದಿನವೂ ಕೇಳಲಿಲ್ಲ.

ಹೊಟ್ಟೆ ಉರಿದು, ಒಂದು ಬೆಳಿಗ್ಗೆ ಆ ಚೂರನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಮಾದಪ್ಪ ಬಂದು ಇನ್ನೊಂದು ಅಂಟಿಸಿದ. ಅದು ವಾರ್ಡಿನ ಕಡೆಗೆ ಹಾರಿತು.

"ಒಡೆಯೋದು ನಿಲ್ಸಿ ಸಾರ್, ಫ್ಯಾನ್ ನಿಂತೋಗಿದೆ" ಅಂದ.

ನನ್ನ ಮೀಟರು ಕೆಟ್ಟು, ನಿನ್ನೆಯ ಅಂಕಿಯನ್ನೇ ತೋರಿಸುತ್ತಾ ಕೂತಿತ್ತು.

ಈಗ ಯಾವ ಆಸ್ಪತ್ರೆಗೆ ಕೆಲಸಕ್ಕೆ ಹೋದರೂ ಮೊದಲು ಟಿಶ್ಯೂ ಅಂಟಿಸುತ್ತೇನೆ. ಸಿಸ್ಟರುಗಳು ಮೆಚ್ಚುತ್ತಾರೆ. ಯಾರು ಹೇಳಿಕೊಟ್ಟರು ಅಂತ ಅವರು ಕೇಳಿಲ್ಲ, ನಾನೂ ಹೇಳಿಲ್ಲ.