ತಾಯಿಯ ಮುಖಕ್ಕೆ ಹಾಕಿದ ಬೆಳಕು

2014ರಲ್ಲಿ ನಾನು ಹ್ಯೂಸ್ಟನ್ನಿನ ಮುದ್ರಣಾಲಯವೊಂದರಲ್ಲಿ ಇಮೇಜ್ ಟೆಕ್ನೀಷಿಯನ್. ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಗೀರು ಅಳಿಸಿ, ಅಚ್ಚಿಗೆ ಸಿದ್ಧಪಡಿಸುವುದು ನನ್ನ ಕೆಲಸ. ರಜೆಯ ದಿನ ಪಕ್ಕದ ಊರು ಸ್ಟಾಫರ್ಡ್‌ನ ಪರಿಚಯದವರಿಗೆ ವಧುಗಳ ಫೋಟೋ ತಿದ್ದಿಕೊಡುತ್ತಿದ್ದೆ. “ಮಾರಿ ಸ್ವಲ್ಪ ಬೆಳ್ಳಗ ಮಾಡ್ರಿ, ಹುಡುಗನ ಕಡಿಯವರಿಗೆ ಕಳಸೋದೈತಿ” ಎನ್ನುತ್ತಿದ್ದರು ಹುಬ್ಬಳ್ಳಿಯ ಆಂಟಿಯೊಬ್ಬರು. ಮಾಡುತ್ತಿದ್ದೆ.

ಆ ವರ್ಷ ಡಾಲಸ್‌ನ ಮಿಸ್ ಲೊರೀನ್ ಅವರ ಆತ್ಮಕಥೆ ನನ್ನ ಮೇಜಿಗೆ ಬಂತು. ವಯಸ್ಸು ಎಂಬತ್ತೇಳು, ಕಣ್ಣು ಮಂಜಾಗುತ್ತಿತ್ತು. ತಮ್ಮ ಊರಿನಲ್ಲಿ ಸ್ವಂತ ಫೋಟೋ ಸ್ಟುಡಿಯೋ ತೆರೆದ ಮೊದಲ ಕಪ್ಪು ಮಹಿಳೆ. ಕಪ್ಪು ಚರ್ಮವನ್ನು ಅದರ ನಿಜವಾದ ಗಾಢತೆಯಲ್ಲೇ ಪ್ರಿಂಟ್ ಮಾಡುವುದು ಅವರ ಜೀವಮಾನದ ಹಟ. ಪುಸ್ತಕಕ್ಕೆ ಕೊಟ್ಟ ಚಿತ್ರಗಳಲ್ಲಿ ಒಂದು, ಇಸ್ತ್ರಿ ಮೇಜಿನ ಮುಂದೆ ನಿಂತ ಅವರ ತಾಯಿಯದು. ತಾಯಿಯದೆಂದು ಉಳಿದದ್ದು ಅದೊಂದೇ. ದೃಷ್ಟಿ ಪೂರ್ತಿ ಹೋಗುವ ಮೊದಲು ಅದನ್ನು ಪುಸ್ತಕದಲ್ಲಿ ನೋಡಬೇಕೆಂದು ಪತ್ರದಲ್ಲಿ ಬರೆದಿದ್ದರು.

ಪುಸ್ತಕ ಆಸ್ಟಿನ್‌ನಲ್ಲಿ ಬಿಡುಗಡೆಯಾಯಿತು. ನಾನೂ ಹೋಗಿದ್ದೆ. ಅವರು ಭೂತಗನ್ನಡಿ ಹಿಡಿದು ಆ ಪುಟ ನೋಡಿದರು.

“ಯಾರಿವಳು?”

“ನಿಮ್ಮಮ್ಮ, ಆಂಟಿ,” ಎಂದಳು ಪಕ್ಕದಲ್ಲಿದ್ದ ಸೋದರಸೊಸೆ.

“ಸುಳ್ಳು. ಅಮ್ಮನ ಆ ಕಪ್ಪು ತರೋಕೆ ಮೂರು ವಾರ ಡಾರ್ಕ್‌ರೂಮಲ್ಲಿ ನಿಂತಿದ್ದೆ.”

ಮೂರು ವಾರ ಎಂದರೋ, ಮೂರು ದಿನವೋ, ನನಗೆ ಖಚಿತವಿಲ್ಲ. ಮುಂದಿನದು ಖಚಿತ.

“ಸ್ಕ್ಯಾನರ್ ತಾನಾಗೇ ಬೆಳ್ಳಗೆ ಮಾಡಿದೆ, ಮ್ಯಾಮ್,” ಎಂದೆ.

ಅವರು ನನ್ನ ಕೈಯನ್ನು ಭೂತಗನ್ನಡಿಯ ಕೆಳಗೆ ಎಳೆದುಕೊಂಡರು. “ನನ್ನ ತಮ್ಮನ ಬಣ್ಣ ನಿಂದು, ಮಗನೇ. ಕೆಲಸ ನಿನ್ನಂಥವನ ಕೈಗೆ ಬಂತು ಅಂತ ಕೇಳಿ ನಿಶ್ಚಿಂತೆಯಾಗಿದ್ದೆ.”

ಸಹಿಗಾಗಿ ಜನ ಸಾಲು ನಿಂತಿದ್ದರು. ಅವರು ಯಾರಿಗೂ ಸಹಿ ಹಾಕಲಿಲ್ಲ. ಪ್ರತಿಯೊಂದು ಪ್ರತಿಯಲ್ಲೂ ಆ ಪುಟ ಹುಡುಕಿಸಿ, ಕಪ್ಪು ಮಾರ್ಕರ್‌ನಿಂದ ತಾಯಿಯ ಮುಖವನ್ನು ತಾವೇ ಮುಚ್ಚಿದರು. ಸಾಲು ಮುಗಿಯುವವರೆಗೂ ನಾನು ಅಲ್ಲೇ ನಿಂತಿದ್ದೆ. ಮರುಮುದ್ರಣಕ್ಕೆ ಮೊದಲೇ ಅವರು ತೀರಿಕೊಂಡರು.

ಸ್ಕ್ಯಾನರ್‌ನ ಕಥೆಯನ್ನು ಐದು ವರ್ಷ ಎಲ್ಲರಿಗೂ ಹೇಳಿದೆ. ನಾನೇ ಅದನ್ನು ನಂಬಿಯೂ ಬಿಟ್ಟೆ. 2019ರಲ್ಲಿ ಮುದ್ರಣಾಲಯ ಬಿಡುವಾಗ ಅನುಮಾನ ಬಂದು ಆ ಚಿತ್ರದ ಹಳೆಯ ಫೈಲ್ ತೆರೆದೆ. ಮೂಲ ಚಿತ್ರದ ಮೇಲೆ ಒಂದು ಲೇಯರ್, ಅಂದರೆ ತಿದ್ದುಪಡಿಯ ಪದರ, ಇತ್ತು. ಅದರಲ್ಲಿ ಮುಖದ ಅಂಚಿಗೆ, ಕಿವಿಯ ತುದಿಯನ್ನೂ ಬಿಡದೆ, ಕೈಯಿಂದ ಎಳೆದ ಗೆರೆ; ಬೆಳಕು ಹೆಚ್ಚಿಸಿದ್ದು ಅದರ ಒಳಗಷ್ಟೇ. ಆ ಗೆರೆ ಎಳೆದ ನೆನಪು ನನಗೆ ಇವತ್ತಿಗೂ ಇಲ್ಲ.

ಕೆಲಸ ಕಲಿಸಿದ್ದು ಇಷ್ಟು: ಯಂತ್ರ ತಪ್ಪಿದರೆ ಇಡೀ ಚಿತ್ರ ಬೆಳ್ಳಗಾಗುತ್ತದೆ. ಮುಖವೊಂದೇ ಬೆಳ್ಳಗಾಗಿದ್ದರೆ, ಅದನ್ನು ಮಾಡಿದವನು ಮನುಷ್ಯ.