ಮನೆಗಾಡಿಯ ಸದ್ದು

ಇದೆಲ್ಲ ಆರು ಭಾನುವಾರಗಳಲ್ಲಿ ನಡೆಯಿತು ಎಂದು ನನ್ನ ನೆನಪು. ಎಂಟಿದ್ದರೂ ಇರಬಹುದು. ಆಗಿನ ದಿನಚರಿಯಲ್ಲಿ ಎರಡು ವಾರ ಖಾಲಿ ಬಿಟ್ಟಿದ್ದೇನೆ. ಆ ಪುಟಗಳನ್ನು ಈಗ ನಾನೇ ತುಂಬಿಕೊಳ್ಳುತ್ತಿದ್ದೇನೋ ಏನೋ. ಗಾಡಿಯ ಬಣ್ಣ ಯಾವುದೆಂದರೆ ಹಳದಿ ಎಂದು ಬಾಯಿಗೆ ಬರುತ್ತದೆ, ಆದರೆ ನಾನು ನೋಡುವ ಹೊತ್ತಿಗೆ ಅದಕ್ಕೆ ಬಿಳಿ ಬಳಿದಾಗಿತ್ತು. ಮಾತುಗಳನ್ನು ಮಾತ್ರ ಹೆಚ್ಚು ತಿದ್ದಿಲ್ಲ ಅಂದುಕೊಂಡಿದ್ದೇನೆ.

ಗಾಡಿ ನನ್ನ ಸೋದರಮಾವನದು. ಮಾಮಾ ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಮಲ್ಕಾಜ್‌ಗಿರಿಯಲ್ಲಿ, ಹಳಿಗಳಿಂದ ಎರಡು ಓಣಿ ಆಚೆ ಅವರ ಮನೆ. ಯಾವುದೋ ಶಾಲೆಯವರು ಮಾರಿದ ಹಳೆಯ ಡೀಸೆಲ್ ಮಿನಿಬಸ್ಸನ್ನು ಕೊಂಡು, ಸೀಟು ಕಿತ್ತು, ಒಳಗೆ ಮಂಚ, ಗ್ಯಾಸ್ ಒಲೆ, ಪರದೆಯ ಹಿಂದೆ ಒಂದು ಕಮೋಡು ಕೂಡಿಸಿದ್ದರು. ಎಲ್ಲವೂ ಅತ್ತೆಗಾಗಿ. ಅತ್ತೆಯ ಅಕ್ಕ ಹುಮನಾಬಾದಿನಲ್ಲಿ ಲಕ್ವ ಹೊಡೆದು ಮಲಗಿದ್ದರು. ಅತ್ತೆಗೆ ಗಂಟೆಗೊಮ್ಮೆ ಬಚ್ಚಲಿಗೆ ಹೋಗಲೇಬೇಕಾದ ತೊಂದರೆ, ಬಸ್ಸು ಆಗದು. ರೈಲಿನಲ್ಲಾದರೆ, ತಮಗೆ ಅವಸರವಾದಾಗಲೇ ಯಾರಾದರೂ ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತಾರೆ ಎಂಬ ಭಯ. ಜೀವಮಾನವಿಡೀ ರೈಲಿನ ಇಂಜಿನ್ ರಿಪೇರಿ ಮಾಡಿದವರ ಹೆಂಡತಿ ರೈಲು ಹತ್ತುತ್ತಿರಲಿಲ್ಲ. "ಆತು, ಬಚ್ಚಲಾನೇ ಕರ್ಕೊಂಡು ಹೋಗೂಣಂತ ಬಿಡು" ಎಂದಿದ್ದರಂತೆ ಮಾಮಾ.

ಹೊರಡುವ ದಿನ ಗೊತ್ತಾದ ಮೇಲೆ ಇಂಜಿನ್ನಿನಲ್ಲಿ ಸದ್ದು ಶುರುವಾಯಿತು. ಬೆರಳಗಂಟಿನಿಂದ ಬಾಗಿಲು ಬಡಿದಂತೆ, ಟಕ್ ಟಕ್. ಆ ಸದ್ದಿಟ್ಟುಕೊಂಡು ಹೈವೇಗೆ ಇಳಿಯುವುದಿಲ್ಲ ಎಂದರು ಮಾಮಾ. ಇಂಜಿನ್ನಿಗೆ ಕಿವಿಗೊಡುವವರಿಗೆ, ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿ ಹಿಡಿಯುವವರು ಒಬ್ಬರು ಬೇಕು. ಆ ಕಾಲು ನನ್ನದಾಯಿತು. ವಾರವಿಡೀ ಕೊಂಡಾಪುರದ ಆಫೀಸಿನಲ್ಲಿ ಕಣ್ಣು ಉರಿಸಿಕೊಂಡು, ಭಾನುವಾರ ಊರು ದಾಟಿ ಹೋಗಿ, ಬಲಗಾಲು ಅಲ್ಲಾಡಿಸದೆ ಕೂರುವುದು. ಪ್ರೀತಿಯಿಂದ ಹೋದೆನೇ, ಒಲ್ಲೆನೆನ್ನಲು ಬಾರದೆ ಹೋದೆನೇ? ಎರಡನೆಯದೇ ಇರಬೇಕು.

ಮೊದಲ ಭಾನುವಾರ ತಪ್ಪು ಅತ್ತೆಯ ಪಾತ್ರೆಗಳದೆಂದು ತೀರ್ಮಾನವಾಯಿತು.

"ಇಂಜಿನ್ ಅಲ್ಲ, ನಿನ್ನ ಡಬ್ಬಿಗೋಳು ಕುಣ್ಯಾಕತ್ತಾವು" ಎಂದರು ಮಾಮಾ.

"ನಿಂತ ಗಾಡ್ಯಾಗ ನನ್ನ ಡಬ್ಬಿ ಯಾಕ ಕುಣೀತಾವ್ರಿ? ನಿಮ್ಮ ಶೆಡ್ಡಿನ್ಯಾಗ ಇದನ್ನ ಕಲಿಸಿದ್ರೇನು?"

ಡಬ್ಬಿ, ಚಮಚ, ಲಟ್ಟಣಿಗೆ ಎಲ್ಲ ಇಳಿಸಿದೆವು. ಸದ್ದು ಇಳಿಯಲಿಲ್ಲ. ಮುಂದಿನ ವಾರ ಫ್ಯಾನ್ ಬೆಲ್ಟ್ ಬಿಚ್ಚಿ ನೋಡಿದರು. ಅದರ ಮುಂದಿನ ವಾರ ಇನ್ನೇನೋ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅಷ್ಟರಲ್ಲಿ ಗೂಡ್ಸ್ ರೈಲು ಬರುತ್ತಿತ್ತು. ಅದರ ಕೊನೆಯ ಡಬ್ಬಿ ದಾಟುವತನಕ ಅವರೂ ಕದಲುವಂತಿಲ್ಲ, ನಾನೂ ಕಾಲು ತೆಗೆಯುವಂತಿಲ್ಲ.

ಮಧ್ಯಾಹ್ನ ಹುಮನಾಬಾದಿನಿಂದ ಅತ್ತೆಯ ಅಕ್ಕನ ಮಗಳ ಫೋನು. "ಚಿಕ್ಕವ್ವಾ, ಯಾವಾಗ ಬರ್ತೀ? ಅವ್ವ ಬಾಗಲಾ ನೋಡ್ಕೋತನ ಮಲಗ್ಯಾಳ."

"ಗಾಡಿ ರಿಪೇರಿ ನಡದೈತಿ, ಯವ್ವಾ" ಎನ್ನುತ್ತಿದ್ದರು ಅತ್ತೆ. ಆಮೇಲೆ ಆ ಹುಡುಗಿ ಫೋನನ್ನು ತಾಯಿಯ ಬಾಯಿಗೆ ಹಿಡಿಯುತ್ತಿದ್ದಳು. ಆ ಕಡೆಯಿಂದ ಬರುತ್ತಿದ್ದುದು ಮಾತಲ್ಲ, ಮಾತಾಗಲು ಹೋಗಿ ನಿಂತ ಏನೋ ಒಂದು. ಅತ್ತೆ ಬೇಗ ಇಟ್ಟುಬಿಡುತ್ತಿದ್ದರು.

ನಾಲ್ಕನೆಯ ಭಾನುವಾರ, ಇದು ದಿನಚರಿಯಲ್ಲಿದೆ, ಮಾಮಾ ಇಂಜಿನ್ ಓಡುತ್ತಿರುವಾಗಲೇ ಡೀಸೆಲ್ ಹೋಗುವ ನಾಲ್ಕು ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದರು. ಪೈಪು ಸಡಿಲಾದ ಸಿಲಿಂಡರ್ ಕೆಲಸ ನಿಲ್ಲಿಸುತ್ತದೆ. ಅದರ ಜೊತೆ ಸದ್ದೂ ನಿಂತರೆ ದೋಷ ಅಲ್ಲಿದೆ ಎಂದರ್ಥ. ಮೊದಲೆರಡಕ್ಕೆ ಗಾಡಿ ನಡುಗಿತು ಅಷ್ಟೆ. ಮೂರನೆಯದಕ್ಕೆ ಟಕ್ ಟಕ್ ನಿಂತೇಹೋಯಿತು. "ಸಿಕ್ಕ ನೋಡು ಕಳ್ಳ!" ಎಂದು ಮಾಮಾ ಕೂಗಿದ ಸದ್ದಿಗೆ ಅತ್ತೆ ಹೊರಗೆ ಬಂದರು.

ಸೋಮವಾರ ರಜೆ ಹಾಕಿ, ಡೀಸೆಲ್ ಸಿಂಪಡಿಸುವ ನಾಲ್ಕೂ ನಾಜಲ್‌ಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಾಮಾನ ಜೊತೆ ಕೂಕಟ್‌ಪಲ್ಲಿ ಕಡೆಯ ಒಂದು ಅಂಗಡಿಗೆ ಹೋದೆ. ಮೂರನೆಯದರ ಮೂತಿ ಮಸಿಯಿಂದ ಕಟ್ಟಿಹೋಗಿತ್ತು. ಮಿಸ್ತ್ರಿ ಅದನ್ನು ಬೆಳಕಿಗೆ ಹಿಡಿದು, ನಿಂತ ಗಾಡಿಯಲ್ಲಿ ಇಂಜಿನ್ ಓಡಿಸುತ್ತೀರಾ ಎಂದು ಹಿಂದಿಯಲ್ಲಿ ಕೇಳಿದ. ದಿನಾ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಎಂದರು ಮಾಮಾ, ಹೆಮ್ಮೆಯಿಂದಲೇ. ಅವರ ಶೆಡ್ಡಿನಲ್ಲಿ ರೈಲಿನ ಇಂಜಿನ್ನನ್ನು ಸುಮ್ಮಸುಮ್ಮನೆ ಆರಿಸುತ್ತಿರಲಿಲ್ಲ. ಆರಿಸಿದರೆ ಮತ್ತೆ ಎಬ್ಬಿಸುವುದು ಕಷ್ಟ. ಆ ರೂಢಿಯನ್ನೇ ಮನೆ ಮುಂದಿನ ಮಿನಿಬಸ್ಸಿಗೂ ತಂದಿದ್ದರು. ಓಡದೆ ನಿಂತಲ್ಲೇ ಗುರುಗುಟ್ಟಿದ ಸಣ್ಣ ಇಂಜಿನ್ ಮಸಿ ಕಟ್ಟಿಕೊಂಡಿತ್ತು.

"ಯೇ ರೈಲ್ ನಹೀ ಚಾಚಾ. ಇತ್ತಾ ಪ್ಯಾರ್ ನಕ್ಕೋ ಕರೋ" ಎಂದು ಮಿಸ್ತ್ರಿ ನಕ್ಕ. ಇದು ರೈಲಲ್ಲ, ಇಷ್ಟು ಪ್ರೀತಿ ಬೇಡ ಅಂತ.

ಮಾಮಾ ನಗಲಿಲ್ಲ. ವಾಪಸು ಬರುವಾಗ ಆಟೊದಲ್ಲಿ, "ನಾನ ಕೆಡಿಸಿದ್ನಲ್ಲವಾ" ಎಂದರು. ಹಾಗೇನಿಲ್ಲ ಮಾಮಾ ಎಂದೆ. ಹಾಗೆಯೇ ಇತ್ತು.

ನಾಜಲ್ ಕೂಡಿಸಿದ ಮೇಲೆ ಮೂವರೂ ಗಾಡಿಯಲ್ಲಿ ಒಂದು ಸುತ್ತು ಹೋಗಿಬಂದೆವು. ನನಗೆ ಇಂಜಿನ್ನಿನ ಸಹಜ ಗದ್ದಲವಲ್ಲದೆ ಬೇರೇನೂ ಕೇಳಿಸಲಿಲ್ಲ. ಮಾಮಾ ತಿರುಗಿ ಹೆಂಡತಿಯ ಮುಖ ನೋಡಿದರು.

"ಇನ್ನೂ ಐತಿ ನೋಡ್ರಿ" ಎಂದರು ಅತ್ತೆ.

ಮುಂದಿನ ಭಾನುವಾರ ಮತ್ತೆ ಬಾನೆಟ್, ಸ್ಕ್ರೂಡ್ರೈವರ್, ನನ್ನ ಕಾಲು. "ನಿನಗ ಕೇಳಸ್ತದೇನವಾ?" ಎಂದು ಮಾಮಾ ಕೇಳಿದರು. ಇಲ್ಲ ಎಂದೆ. ನಿಜಕ್ಕೂ ಕೇಳಿಸಲಿಲ್ಲವೋ, ಕೇಳಿಸುತ್ತದೆ ಎಂದರೆ ಇನ್ನೊಂದು ಭಾನುವಾರ ಹೋಗುತ್ತದೆ ಎಂದು ದಣಿವಿನಲ್ಲಿ ಹಾಗೆಂದೆನೋ, ಈಗ ಹೇಳಲಾರೆ. ಮಾಮಾ ತಮಗೂ ಕೇಳಿಸುತ್ತಿಲ್ಲ ಎಂದು ಒಪ್ಪಿಕೊಂಡರು. ಆದರೂ, "ಅಕೀಗೆ ಕೇಳಸ್ತದ ಅಂದ್ರ ಇರ್ತದ. ನನ್ನ ಕಿವಿ ಮ್ಯಾಲ ನನಗ ಭರೋಸ ಉಳದಿಲ್ಲ" ಎಂದು ಮತ್ತೆ ಬಗ್ಗಿದರು. ಮೊದಲಾಗಿದ್ದರೆ ಹೆಂಡತಿಯ ಜೊತೆ ವಾದಕ್ಕೆ ನಿಲ್ಲುತ್ತಿದ್ದರು.

ಅವರು ನೀರು ಕುಡಿಯಲು ಮನೆಯೊಳಗೆ ಹೋದಾಗ ನಾನು ಇಂಜಿನ್ ಆರಿಸಿದೆ. ಅತ್ತೆ ಹಿಂದೆ ಮಂಚದ ಮೇಲೆ ಕೂತಿದ್ದರು. ಅವರ ಫೋನು ಬಡಿದುಕೊಳ್ಳುತ್ತಿತ್ತು. ಹೆಸರು ನೋಡಿ ಮಗುಚಿಟ್ಟರು. ನಾನು ಸೀಟಿನಲ್ಲಿ ಕೂತಲ್ಲಿಂದಲೇ, ತಿರುಗಿ ಅವರ ಮುಖ ನೋಡುವ ಧೈರ್ಯ ಬಾರದೆ, ಒಂದು ಮಾತು ಕೇಳಿದೆ. ಹುಮನಾಬಾದಿನ ಫೋನು ಇನ್ನೂ ಬರುತ್ತದೆ, ಗಾಡಿ ಇನ್ನೂ ಮನೆ ಮುಂದೆಯೇ ನಿಂತಿದೆ, ಆ ಮಾತಿಗೆ ಅತ್ತೆ ಇವತ್ತಿಗೂ ಹೌದೂ ಅಂದಿಲ್ಲ, ಇಲ್ಲವೂ ಅಂದಿಲ್ಲ.

"ಅತ್ತೀ, ನಿಮ್ಮಕ್ಕ ಹಂಗ ಮಲಗಿದ್ದನ್ನ ನೋಡಾಕ ನಿಮಗ ಆಗೂದಿಲ್ಲೇನು?"